ಬೇಸಿಗೆ ದೈವಶಾಸ್ತ್ರ ಅಧ್ಯಯನ

ಬೇಸಿಗೆ ದೈವಶಾಸ್ತ್ರ ಅಧ್ಯಯನ ಎಂಬುದು ಕ್ರೈಸ್ತ ಸೆಮಿನರಿಗಳು ತಮ್ಮ ವಾರ್ಷಿಕ ತರಗತಿಗಳು ಮುಗಿದ ಬಳಿಕ, ಬೇಸಿಗೆಯ ಬಿಡುವಿನ ತಿಂಗಳುಗಳಲ್ಲಿ ನಡೆಸುವ ಅಲ್ಪಾವಧಿಯ ಶಿಕ್ಷಣ. ದೈವಶಾಸ್ತ್ರ, ಬೈಬಲ್ಲಿನ ಮೂಲಭಾಷೆಗಳು ಹಾಗೂ ಸಭಾಸೇವೆ ಇದರ ಮುಖ್ಯ ವಿಷಯಗಳು. ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡಿತು. ಅಲ್ಲಿ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ. ಮೂರು ವರ್ಷ ಸೆಮಿನರಿಯಲ್ಲಿ ನೆಲೆಸಿ ಓದಲು ಸಾಧ್ಯವಿಲ್ಲದವರಿಗಾಗಿ, ಎಂದರೆ ಆಗಲೇ ಸೇವೆಯಲ್ಲಿರುವ ಸಭಾಪಾಲಕರು, ಭಾನುವಾರದ ಶಾಲೆಯ ಶಿಕ್ಷಕರು, ಬೇರೆ ಉದ್ಯೋಗದಲ್ಲಿರುವ ಶ್ರೀಸಾಮಾನ್ಯ ವಿಶ್ವಾಸಿಗಳು ಮುಂತಾದವರಿಗಾಗಿ, ಇದು ಹುಟ್ಟಿಕೊಂಡಿತು. ಆದರೆ ಕಾಲಕ್ರಮದಲ್ಲಿ ಸೆಮಿನರಿಯ ಪೂರ್ಣಾವಧಿ ಪಠ್ಯಕ್ರಮವೇ ಬೇಸಿಗೆಯ ಪ್ರಯೋಗಗಳಿಂದ ಬದಲಾಯಿತು. 1881ರಲ್ಲಿ ವಿಲಿಯಂ ರೇನಿ ಹಾರ್ಪರ್ ಆರಂಭಿಸಿದ ಹೀಬ್ರೂ ಶಾಲೆ ಮತ್ತು 1925ರಲ್ಲಿ ಆಂಟನ್ ಬೋಯ್ಸನ್ ಮಾನಸಿಕ ಆಸ್ಪತ್ರೆಯೊಂದರಲ್ಲಿ ನಡೆಸಿದ ತರಬೇತಿ ಈ ದೃಷ್ಟಿಯಿಂದ ಮುಖ್ಯವಾದ ಎರಡು ಘಟ್ಟಗಳು.

ಹಿನ್ನೆಲೆ

ಸೆಮಿನರಿ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ 'ಸೆಮಿನಾರಿಯಂ'. ಅದರ ಅರ್ಥ ಬೀಜ ಬಿತ್ತಿ ಸಸಿ ಬೆಳೆಸುವ ಜಾಗ, ನಮ್ಮ ರೈತರ ಮಾತಿನಲ್ಲಿ ಸಸಿಮಡಿ. ಕನ್ನಡ ಕಥೋಲಿಕರಲ್ಲಿ 'ಗುರುಮಠ' ಎಂಬ ಹೆಸರು ಬಳಕೆಯಲ್ಲಿದೆ. ಪ್ರಾಟೆಸ್ಟಂಟರು ಸೆಮಿನರಿ ಅಥವಾ ಥಿಯಲಾಜಿಕಲ್ ಕಾಲೇಜು ಎನ್ನುತ್ತಾರೆ. ಗುರುಗಳನ್ನು ತರಬೇತುಗೊಳಿಸಲು ಪ್ರತ್ಯೇಕ ವಿದ್ಯಾಲಯಗಳು ಇರಬೇಕೆಂದು ಕಥೋಲಿಕ ಸಭೆ ಟ್ರೆಂಟ್ ಮಹಾಸಭೆಯಲ್ಲಿ 1563ರಲ್ಲಿ ವಿಧಿಸಿತು. ಅಮೆರಿಕದ ಪ್ರಾಟೆಸ್ಟಂಟರಲ್ಲಿ ಕಾಲೇಜು ಪದವಿ ಪಡೆದವರಿಗಾಗಿ ಮೂರು ವರ್ಷಗಳ ಸೆಮಿನರಿ ಶಿಕ್ಷಣ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಲೆಗೊಂಡಿತು. ಮ್ಯಾಸಚೂಸೆಟ್ಸ್‌ನ ಆಂಡೋವರ್ ಸೆಮಿನರಿ, 1812ರಲ್ಲಿ ಸ್ಥಾಪನೆಯಾದ ಪ್ರಿನ್ಸ್‌ಟನ್ ಸೆಮಿನರಿ ಇವು ಆ ಕ್ರಮದ ಮೊದಲಿಗರು.

ಈ ಶಿಕ್ಷಣ ವಿದ್ವತ್ಪೂರ್ಣವಾಗಿತ್ತು, ಆದರೆ ಅದರ ಬಾಗಿಲು ಕಿರಿದಾಗಿತ್ತು. ಪಶ್ಚಿಮದತ್ತ ಹೊಸ ಊರುಗಳು ಎದ್ದಂತೆಲ್ಲ ಅಲ್ಲಿಗೆ ಸಭಾಪಾಲಕರು ಬೇಕಾದರು. ಅವರಲ್ಲಿ ಬಹುಪಾಲಿನವರು ಸೆಮಿನರಿಯ ಮೆಟ್ಟಿಲು ಹತ್ತಿದವರಲ್ಲ. ಮೆಥೊಡಿಸ್ಟ್ ಸಭೆ ಇದನ್ನು ಮನಗಂಡು 1816ರಲ್ಲಿಯೇ ಸೇವಾಭ್ಯರ್ಥಿಗಳು ಓದಬೇಕಾದ ಪುಸ್ತಕಗಳ ಒಂದು ಪಠ್ಯಕ್ರಮವನ್ನು ನಿಗದಿಗೊಳಿಸುವ ವ್ಯವಸ್ಥೆ ಮಾಡಿತು. ಕುದುರೆಯ ಮೇಲೆ ಊರೂರು ಸುತ್ತುವ ಪ್ರಸಂಗಿಯು ಜೀನಿನ ಚೀಲದಲ್ಲಿ ಪುಸ್ತಕವಿಟ್ಟುಕೊಂಡು ಓದಿ ಪರೀಕ್ಷೆಗೆ ಸಿದ್ಧನಾಗುತ್ತಿದ್ದ. ಕೇಳಿ ತಿಳಿಯಲು ಗುರುವಿಲ್ಲದ, ಚರ್ಚಿಸಲು ಸಹಪಾಠಿಯಿಲ್ಲದ ಈ ಏಕಾಂತದ ಓದಿನ ಕೊರತೆಯನ್ನೇ ಮುಂದೆ ಬೇಸಿಗೆ ಶಾಲೆಗಳು ತುಂಬಿದವು.

ಷಟಾಕ್ವಾ

1874ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಷಟಾಕ್ವಾ ಸರೋವರದ ದಡದಲ್ಲಿ ಭಾನುವಾರದ ಶಾಲೆಯ ಶಿಕ್ಷಕರಿಗಾಗಿ ಎರಡು ವಾರಗಳ ಸಮಾವೇಶವೊಂದು ನಡೆಯಿತು. ಮೆಥೊಡಿಸ್ಟ್ ಗುರು ಜಾನ್ ಹೈಲ್ ವಿನ್ಸೆಂಟ್ ಮತ್ತು ಓಹಾಯೋದ ಉದ್ಯಮಿ ಲೂಯಿಸ್ ಮಿಲ್ಲರ್ ಇದರ ಸ್ಥಾಪಕರು. ಆ ಕಾಲದಲ್ಲಿ ಬೇಸಿಗೆಯಲ್ಲಿ ಬಯಲಿನಲ್ಲಿ ಡೇರೆ ಹಾಕಿ ಉಜ್ಜೀವನ ಕೂಟಗಳನ್ನು ನಡೆಸುವ ರೂಢಿ ಇತ್ತು. ವಿನ್ಸೆಂಟ್ ಅದೇ ಡೇರೆಗಳನ್ನೂ ಅದೇ ಋತುವನ್ನೂ ಉಳಿಸಿಕೊಂಡು ಭಾವಾವೇಶದ ಜಾಗದಲ್ಲಿ ಪಾಠವನ್ನು ತಂದರು. ಸರೋವರವನ್ನೇ ಮೆಡಿಟರೇನಿಯನ್ ಸಮುದ್ರವೆಂದು ಭಾವಿಸಿ, ದಡದಲ್ಲಿ ಮಣ್ಣು ಗುಡ್ಡೆ ಹಾಕಿ ಪ್ಯಾಲೆಸ್ಟೈನಿನ ಬೆಟ್ಟ, ಕಣಿವೆ, ಊರುಗಳ ಮಾದರಿಯನ್ನು ನಿರ್ಮಿಸಲಾಗಿತ್ತು. ಶಿಕ್ಷಕರು ಅದರ ಮೇಲೆ ನಡೆದಾಡುತ್ತ ಬೈಬಲ್ಲಿನ ಭೂಗೋಳ ಕಲಿಯುತ್ತಿದ್ದರು. ಭೂಪಟವನ್ನು ಗೋಡೆಗೆ ತೂಗುಹಾಕಿ ಪಾಠ ಮಾಡಿದ ಯಾವ ಮೇಷ್ಟರಿಗಾದರೂ ಈ ಉಪಾಯದ ಬೆಲೆ ತಿಳಿಯುತ್ತದೆ. 'ಪ್ಯಾಲೆಸ್ಟೈನ್ ಉದ್ಯಾನ' ಎಂಬ ಹೆಸರಿನ ಆ ಮಾದರಿ ಇಂದಿಗೂ ಅಲ್ಲಿದೆ.

ಷಟಾಕ್ವಾ ಸೆಮಿನರಿಯಾಗಿರಲಿಲ್ಲ. ಆದರೂ ದೈವಶಾಸ್ತ್ರ ಮತ್ತು ಬೈಬಲ್ ಅಧ್ಯಯನವನ್ನು ಬೇಸಿಗೆಯ ಕೆಲವೇ ವಾರಗಳಲ್ಲಿ ಕ್ರಮಬದ್ಧವಾಗಿ ಕಲಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಬಹುತೇಕ ಸೆಮಿನರಿಗಳಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಮಹಿಳೆಯರೂ ಅಲ್ಲಿ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದರು.

ಹಾರ್ಪರ್ ಅವರ ಹೀಬ್ರೂ ಶಾಲೆ

ಸೆಮಿನರಿಯೊಳಗೇ ಬೇಸಿಗೆ ಶಾಲೆಯನ್ನು ತಂದು ಅದಕ್ಕೆ ವಿದ್ವತ್ತಿನ ಶಿಸ್ತು ಕೊಟ್ಟವರು ವಿಲಿಯಂ ರೇನಿ ಹಾರ್ಪರ್ (1856–1906). ಓಹಾಯೋದ ನ್ಯೂ ಕಾನ್‌ಕಾರ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಇವರು ಹದಿನಾಲ್ಕನೆಯ ವಯಸ್ಸಿಗೆ ಕಾಲೇಜು ಮುಗಿಸಿ, ಇಪ್ಪತ್ತು ತುಂಬುವ ಮೊದಲೇ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1879ರಲ್ಲಿ ಶಿಕಾಗೋ ಬಳಿಯ ಮಾರ್ಗನ್ ಪಾರ್ಕ್‌ನಲ್ಲಿದ್ದ ಬ್ಯಾಪ್ಟಿಸ್ಟ್ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಹೀಬ್ರೂ ಅಧ್ಯಾಪಕರಾದರು.

ಹಳೆ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವನ್ನು ಅಂದಿನ ಸೆಮಿನರಿಗಳಲ್ಲಿ ಕಲಿಸುತ್ತಿದ್ದರು. ಆದರೆ ವಾರಕ್ಕೆ ಕೆಲವು ಗಂಟೆಗಳಂತೆ ಬೇರೆ ವಿಷಯಗಳ ನಡುವೆ ಕಲಿತ ಭಾಷೆ ಬಹುಮಂದಿಗೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತಿತ್ತು. ಒಂದು ಬೇಸಿಗೆಯಲ್ಲಿ ಬೇರೇನನ್ನೂ ಓದದೆ ದಿನವಿಡೀ ಹೀಬ್ರೂ ಒಂದನ್ನೇ ಕಲಿತರೆ ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಹಾರ್ಪರ್ 1881ರಲ್ಲಿ ಮಾರ್ಗನ್ ಪಾರ್ಕ್‌ನಲ್ಲಿ ಬೇಸಿಗೆ ಶಾಲೆ ತೆರೆದರು. ಸೇವೆಯಲ್ಲಿದ್ದ ಸಭಾಪಾಲಕರೂ ವಿದ್ಯಾರ್ಥಿಗಳೂ ಅಲ್ಲಿಗೆ ಬಂದರು. ಊರಿಗೆ ಮರಳಿದವರು ಕಲಿಕೆಯನ್ನು ಬಿಡದಿರಲೆಂದು ಅದೇ ವರ್ಷ ಅಂಚೆಯ ಮೂಲಕ ಹೀಬ್ರೂ ಪಾಠಗಳನ್ನು ಕಳುಹಿಸುವ ವ್ಯವಸ್ಥೆಯನ್ನೂ ಆರಂಭಿಸಿದರು. ಬೇಸಿಗೆ ತರಗತಿ ಮತ್ತು ಅಂಚೆ ಪಾಠ ಒಂದಕ್ಕೊಂದು ಊರುಗೋಲಾದವು.

ಹಾರ್ಪರ್ ಅವರ ಬೋಧನಾ ಕ್ರಮವೂ ಹೊಸದಾಗಿತ್ತು. ವ್ಯಾಕರಣ ಸೂತ್ರಗಳನ್ನು ಮೊದಲು ಬಾಯಿಪಾಠ ಮಾಡಿಸುವುದರ ಬದಲು ಅವರು ಮೊದಲ ದಿನವೇ ಆದಿಕಾಂಡದ ಮೊದಲ ವಾಕ್ಯವನ್ನು ವಿದ್ಯಾರ್ಥಿಯ ಮುಂದಿಡುತ್ತಿದ್ದರು. ಆ ಗ್ರಂಥದ ಮೊದಲ ಪದ 'ಬೆರೆಷೀತ್'. ಇದರಲ್ಲಿ 'ಬೆ' ಎಂಬುದು ನಮ್ಮ ಸಪ್ತಮಿ ವಿಭಕ್ತಿಯ ಕೆಲಸ ಮಾಡುವ ಪೂರ್ವಪ್ರತ್ಯಯ. 'ರೆಷೀತ್' ಎಂದರೆ ಆದಿ. ತಲೆ ಎಂಬ ಅರ್ಥದ 'ರೋಷ್' ಪದಕ್ಕೂ ಇದಕ್ಕೂ ನಂಟಿದೆ. ಯೆಹೂದ್ಯರ ಹೊಸ ವರ್ಷದ ಹಬ್ಬ 'ರೋಷ್ ಹಷಾನಾ', ಅಂದರೆ ವರ್ಷದ ತಲೆ. ಹೀಗೆ ಒಂದೇ ಪದದಿಂದ ವಿಭಕ್ತಿ, ಧಾತು, ಪದರಚನೆ ಮೂರೂ ಹೊರಬರುತ್ತವೆ. ಉದಾಹರಣೆ ಮೊದಲು, ನಿಯಮ ಆಮೇಲೆ. ಈ ಅನುಗಮನ ಪದ್ಧತಿಯ ಆಧಾರದ ಮೇಲೆ ಅವರು ಬರೆದ ಹೀಬ್ರೂ ಪಠ್ಯಪುಸ್ತಕಗಳು ಬಹುಕಾಲ ಬಳಕೆಯಲ್ಲಿದ್ದವು.

ಹೀಬ್ರೂ ಲಿಪಿಯಲ್ಲಿ 22 ಅಕ್ಷರಗಳಿವೆ, ಎಲ್ಲವೂ ವ್ಯಂಜನಗಳು; ಬರವಣಿಗೆ ಬಲದಿಂದ ಎಡಕ್ಕೆ ಸಾಗುತ್ತದೆ. ಸ್ವರಗಳನ್ನು ಅಕ್ಷರದ ಕೆಳಗೆ ಅಥವಾ ಮೇಲೆ ಚುಕ್ಕಿ, ಗೆರೆಗಳಿಂದ ಸೂಚಿಸಲಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ವಿಚಿತ್ರವಾಗಿ ಕಂಡರೂ ಕಾಗುಣಿತ ಕಲಿತ ಕನ್ನಡಿಗರಿಗೆ ಅಷ್ಟೇನೂ ಅಪರಿಚಿತವಲ್ಲ. ಕಷ್ಟವಿರುವುದು ಕ್ರಿಯಾಪದದಲ್ಲಿ. ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಧಾತುವೇ ಸ್ವರ ಬದಲಿಸಿಕೊಂಡು, ಪ್ರತ್ಯಯ ಹತ್ತಿಸಿಕೊಂಡು ಹಲವು ರೂಪ ತಾಳುತ್ತದೆ. ದಿನವೂ ಪಳಗದಿದ್ದರೆ ಅದು ಕೈಗೆ ಸಿಕ್ಕುವುದಿಲ್ಲ. ಬೇಸಿಗೆಯ ಎಡೆಬಿಡದ ಅಭ್ಯಾಸ ಫಲ ಕೊಟ್ಟಿದ್ದು ಇದೇ ಕಾರಣಕ್ಕೆ.

ಶಾಲೆ ಬೇಗನೆ ಬೇರೆ ಬೇರೆ ನಗರಗಳಿಗೆ ಹರಡಿತು. 1883ರಿಂದ ಹಾರ್ಪರ್ ಷಟಾಕ್ವಾದಲ್ಲಿಯೂ ಕಲಿಸಿದರು. 1891ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು. ಮಾರ್ಗನ್ ಪಾರ್ಕ್‌ನ ಸೆಮಿನರಿಯೇ ಆ ವಿಶ್ವವಿದ್ಯಾಲಯದ ದೈವಶಾಸ್ತ್ರ ವಿಭಾಗವಾಯಿತು. 1892ರಲ್ಲಿ ತರಗತಿಗಳು ಆರಂಭವಾದ ಆ ವಿಶ್ವವಿದ್ಯಾಲಯದಲ್ಲಿ ವರ್ಷವನ್ನು ನಾಲ್ಕು ಅವಧಿಗಳಾಗಿ ವಿಂಗಡಿಸಿ, ಬೇಸಿಗೆಯ ಅವಧಿಗೂ ಉಳಿದ ಮೂರರಷ್ಟೇ ಬೆಲೆ ಕೊಡುವ ವ್ಯವಸ್ಥೆಯನ್ನು ಹಾರ್ಪರ್ ರೂಪಿಸಿದರು. ಬೇಸಿಗೆಯಲ್ಲಿ ಓದಿದ್ದೂ ಪದವಿಗೆ ಲೆಕ್ಕವಾಗಬೇಕೆಂಬ ಇಂದಿನ ರೂಢಿಗೆ ಇದು ಬಲವಾದ ಅಡಿಪಾಯ ಹಾಕಿತು.

ಆಸ್ಪತ್ರೆಯಲ್ಲಿ ಬೇಸಿಗೆ

ಸತ್ತ ಭಾಷೆಯೊಂದನ್ನು ಜೀವಂತವಾಗಿ ಕಲಿಸುವುದು ಹಾರ್ಪರ್ ಅವರ ಗುರಿಯಾಗಿದ್ದರೆ, ಜೀವಂತ ಮನುಷ್ಯನನ್ನು ಗ್ರಂಥದಷ್ಟೇ ಗೌರವದಿಂದ ಓದುವುದನ್ನು ಕಲಿಸಬೇಕೆಂದು ಹೊರಟವರು ಆಂಟನ್ ಬೋಯ್ಸನ್ (1876–1965). ಸೆಮಿನರಿಯ ಪದವೀಧರನು ಸಾವಿನ ಮಂಚದ ಬಳಿ, ಬುದ್ಧಿ ಕದಡಿದವರ ಮುಂದೆ ಏನು ಹೇಳಬೇಕು, ಅಥವಾ ಏನನ್ನೂ ಹೇಳದೆ ಹೇಗಿರಬೇಕು ಎಂಬುದನ್ನು ಆವರೆಗೆ ಯಾವ ಪಠ್ಯಕ್ರಮವೂ ಕಲಿಸಿರಲಿಲ್ಲ.

ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಪ್ರಾಧ್ಯಾಪಕರ ಮನೆತನದಲ್ಲಿ ಹುಟ್ಟಿದ ಬೋಯ್ಸನ್ ಮೊದಲು ಭಾಷಾ ಶಿಕ್ಷಕರಾಗಿದ್ದು, ಬಳಿಕ ಯೇಲ್‌ನಲ್ಲಿ ಅರಣ್ಯಶಾಸ್ತ್ರ ಓದಿ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದರು. 1908ರಲ್ಲಿ ನ್ಯೂಯಾರ್ಕ್‌ನ ಯೂನಿಯನ್ ಥಿಯಲಾಜಿಕಲ್ ಸೆಮಿನರಿ ಸೇರಿದರು. ಸಭಾಪಾಲಕರಾಗಿ, ಗ್ರಾಮೀಣ ಸಮೀಕ್ಷಕರಾಗಿ, ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೈನಿಕರ ಸೇವಕರಾಗಿ ಹಲವು ಕೆಲಸ ಮಾಡಿದ ಅವರು 1920ರ ಅಕ್ಟೋಬರ್‌ನಲ್ಲಿ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾದರು. ಸುಮಾರು ಹದಿನೈದು ತಿಂಗಳು ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಗಳಲ್ಲಿ ರೋಗಿಯಾಗಿ ಕಳೆದರು. ಅಲ್ಲಿ ಅವರು ಕಂಡದ್ದು ಇದು: ವೈದ್ಯರು ರೋಗಿಯ ಧಾರ್ಮಿಕ ಮಾತುಗಳನ್ನು ರೋಗಲಕ್ಷಣವೆಂದು ಬರೆದುಕೊಂಡು ಮುಂದೆ ಸಾಗುತ್ತಾರೆ, ಭೇಟಿಗೆ ಬರುವ ಗುರುಗಳಿಗೆ ಧರ್ಮ ಗೊತ್ತು, ರೋಗ ಗೊತ್ತಿಲ್ಲ.

ಗುಣಮುಖರಾದ ಬೋಯ್ಸನ್ ಮತ್ತೆ ವಿದ್ಯಾರ್ಥಿಯಾದರು. ಹಾರ್ವರ್ಡ್‌ನಲ್ಲಿ ವೈದ್ಯ ರಿಚರ್ಡ್ ಕ್ಯಾಬಟ್ ಅವರ ಬಳಿ ರೋಗಿಗಳ ಪ್ರಕರಣ ಅಧ್ಯಯನದ ವಿಧಾನ ಕಲಿತರು. 1924ರಲ್ಲಿ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಅಧೀಕ್ಷಕ ವಿಲಿಯಂ ಬ್ರಯನ್ ಇವರನ್ನು ಆಸ್ಪತ್ರೆಯ ಗುರುವನ್ನಾಗಿ ನೇಮಿಸಿಕೊಂಡರು. ಒಂದು ಕಾಲದಲ್ಲಿ ಇಂಥದೇ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರನ್ನು ಈ ಹುದ್ದೆಗೆ ಕರೆದದ್ದು ಅಂದಿಗೆ ಸಣ್ಣ ಧೈರ್ಯವಲ್ಲ.

1925ರ ಬೇಸಿಗೆಯಲ್ಲಿ ನಾಲ್ವರು ದೈವಶಾಸ್ತ್ರ ವಿದ್ಯಾರ್ಥಿಗಳು ವೂಸ್ಟರ್‌ಗೆ ಬಂದರು. ಅವರು ಅತಿಥಿಗಳಾಗಿ ಬಂದವರಲ್ಲ. ಹಗಲು ವಾರ್ಡಿನಲ್ಲಿ ಪರಿಚಾರಕರಾಗಿ ದುಡಿಯಬೇಕು, ರೋಗಿಗಳ ಜೊತೆ ಒಡನಾಡಬೇಕು, ಕಂಡದ್ದನ್ನು ಬರೆದಿಡಬೇಕು. ಸಂಜೆ ಒಟ್ಟಿಗೆ ಕುಳಿತು ಚರ್ಚಿಸಬೇಕು. ಪ್ರತಿಯೊಬ್ಬ ರೋಗಿಯೂ ಒಂದು 'ಜೀವಂತ ಮಾನವ ದಾಖಲೆ', ಪಾಪ, ಅಪರಾಧಪ್ರಜ್ಞೆ, ಬಿಡುಗಡೆ ಮುಂತಾದ ದೈವಶಾಸ್ತ್ರದ ಮಾತುಗಳ ಅರ್ಥವನ್ನು ಅಲ್ಲಿಯೂ ಹುಡುಕಬೇಕು ಎಂಬುದು ಬೋಯ್ಸನ್ ಅವರ ನಿಲುವು. ಕೆಲವು ಬಗೆಯ ಮಾನಸಿಕ ಕಾಯಿಲೆಗಳು ಜ್ವರದಂತೆ, ಒಳಗಿನ ಸಮಸ್ಯೆಯನ್ನು ಬಗೆಹರಿಸಲು ಜೀವ ನಡೆಸುವ ಹೋರಾಟದ ಲಕ್ಷಣ ಎಂದೂ ಅವರು ನಂಬಿದ್ದರು.

ಆ ಮೊದಲ ತಂಡದ ನಾಲ್ವರಲ್ಲಿ ಒಬ್ಬರು ಹೆಲೆನ್ ಫ್ಲಾಂಡರ್ಸ್ ಡನ್‌ಬಾರ್. ಯೂನಿಯನ್ ಸೆಮಿನರಿಯ ವಿದ್ಯಾರ್ಥಿನಿಯಾಗಿದ್ದ ಇವರು ಮುಂದೆ ವೈದ್ಯೆಯಾಗಿ, ಮನಸ್ಸು ಮತ್ತು ದೇಹದ ಕಾಯಿಲೆಗಳ ಸಂಬಂಧ ಕುರಿತ ಅಧ್ಯಯನದ ಪ್ರವರ್ತಕರಲ್ಲಿ ಒಬ್ಬರೆನಿಸಿದರು. ಬೋಯ್ಸನ್ ಅವರಿಗಿಂತ ಎರಡು ವರ್ಷ ಮೊದಲು, 1923ರ ಬೇಸಿಗೆಯಲ್ಲಿ, ಸಿನ್ಸಿನಾಟಿಯ ವೈದ್ಯ ವಿಲಿಯಂ ಕೆಲ್ಲರ್ ಎಪಿಸ್ಕೋಪಲ್ ಸಭೆಯ ಸೆಮಿನರಿ ವಿದ್ಯಾರ್ಥಿಗಳನ್ನು ನಗರದ ಸಮಾಜಸೇವಾ ಸಂಸ್ಥೆಗಳಲ್ಲಿ ಕೆಲಸಕ್ಕೆ ತೊಡಗಿಸಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

1925ರಲ್ಲಿಯೇ ಕ್ಯಾಬಟ್, ವೈದ್ಯ ವಿದ್ಯಾರ್ಥಿಗಳಂತೆ ದೈವಶಾಸ್ತ್ರ ವಿದ್ಯಾರ್ಥಿಗಳಿಗೂ ರೋಗಿಗಳ ನಡುವೆ ಒಂದು ವರ್ಷದ ತರಬೇತಿ ಬೇಕೆಂದು ಲೇಖನ ಬರೆದು ವಾದಿಸಿದರು. 1930ರ ಜನವರಿಯಲ್ಲಿ ಈ ತರಬೇತಿಗಾಗಿ ಒಂದು ಮಂಡಳಿ ನೋಂದಣಿಯಾಯಿತು. ಆದರೆ ಅದೇ ವರ್ಷ ತಾಯಿಯ ಮರಣಾನಂತರ ಬೋಯ್ಸನ್ ಮತ್ತೆ ಅಸ್ವಸ್ಥರಾದರು. ಮಾನಸಿಕ ರೋಗಕ್ಕೆ ಶಾರೀರಿಕ ಕಾರಣಗಳೇ ಮೂಲವೆಂದು ತಿಳಿದಿದ್ದ ಕ್ಯಾಬಟ್ ಮತ್ತು ಅವರ ನಡುವೆ ಬಿರುಕು ಮೂಡಿತು. ಚಳವಳಿಯೂ ನ್ಯೂಯಾರ್ಕ್ ಮತ್ತು ಬಾಸ್ಟನ್ ಗುಂಪುಗಳಾಗಿ ಒಡೆಯಿತು. ಬೋಯ್ಸನ್ 1932ರಲ್ಲಿ ಇಲಿನಾಯ್ ರಾಜ್ಯದ ಎಲ್ಜಿನ್ ಆಸ್ಪತ್ರೆಗೆ ತೆರಳಿ ಅಲ್ಲಿಯೇ ಕೆಲಸ ಮುಂದುವರಿಸಿದರು. ರೋಗಿಯಾಗಿದ್ದುದನ್ನು ಅವರು ಮುಚ್ಚಿಡಲಿಲ್ಲ. 1936ರಲ್ಲಿ ಪ್ರಕಟವಾದ 'ದಿ ಎಕ್ಸ್‌ಪ್ಲೊರೇಶನ್ ಆಫ್ ದಿ ಇನ್ನರ್ ವರ್ಲ್ಡ್' ಮತ್ತು 1960ರ ಆತ್ಮಕಥೆ 'ಔಟ್ ಆಫ್ ದ ಡೆಪ್ತ್ಸ್' ಎರಡರಲ್ಲಿಯೂ ಅದನ್ನು ಬರೆದಿದ್ದಾರೆ.

ಬೇರೆಯಾಗಿದ್ದ ನಾಲ್ಕು ಸಂಸ್ಥೆಗಳು 1967ರಲ್ಲಿ ಕೂಡಿ ಒಂದೇ ಸಂಘವಾದವು. 'ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್', ಸಂಕ್ಷೇಪವಾಗಿ ಸಿ.ಪಿ.ಇ. ಎಂದು ಕರೆಯಲಾಗುವ ಈ ತರಬೇತಿಯ ಒಂದು ಘಟಕಕ್ಕೆ 400 ಗಂಟೆಗಳ ಕೆಲಸ ನಿಗದಿಯಾಗಿದೆ. ಅದರಲ್ಲಿ ಕನಿಷ್ಠ 100 ಗಂಟೆ ಗುಂಪಿನ ಅಧ್ಯಯನ ಮತ್ತು ಮಾರ್ಗದರ್ಶನಕ್ಕೆ ಮೀಸಲು, ಉಳಿದದ್ದರಲ್ಲಿ ಬಹುಪಾಲು ರೋಗಿಗಳ ನಡುವೆ. ಸೆಮಿನರಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವಾರಗಳ ಒಂದು ಬೇಸಿಗೆಯಲ್ಲಿ ಇದನ್ನು ಮುಗಿಸುತ್ತಾರೆ. ಅನೇಕ ಸಭೆಗಳು ಗುರುದೀಕ್ಷೆಗೆ ಮುನ್ನ ಕನಿಷ್ಠ ಒಂದು ಘಟಕವನ್ನು ಕಡ್ಡಾಯ ಮಾಡಿವೆ.

ತರಬೇತಿಯ ಮುಖ್ಯ ಸಾಧನ ಸಂಭಾಷಣೆಯ ಲಿಖಿತ ವರದಿ. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಕ್ಯಾಬಟ್ ಜೊತೆ ಕೆಲಸ ಮಾಡಿದ ರಸೆಲ್ ಡಿಕ್ಸ್ ಇದನ್ನು ಬೆಳೆಸಿದರು. ವಿದ್ಯಾರ್ಥಿಯು ರೋಗಿಯ ಬಳಿಯಿಂದ ಬಂದ ಕೂಡಲೇ ಇಬ್ಬರ ಮಾತುಗಳನ್ನೂ, ನಡುವಿನ ಮೌನಗಳನ್ನೂ ನೆನಪಿನಿಂದ ಬರೆದು ಸಹಪಾಠಿಗಳ ಮುಂದೆ ಓದುತ್ತಾನೆ. ಆಗ ಹೊರಬೀಳುವ ದೋಷಗಳು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ: ರೋಗಿ ಸಾವಿನ ಮಾತೆತ್ತಿದಾಗ ವಿಷಯ ಬದಲಿಸುವುದು, ಕೇಳದ ಪ್ರಶ್ನೆಗೆ ಉತ್ತರ ಕೊಡುವುದು, ಕೋಣೆಯಿಂದ ಹೊರಬೀಳಲು ಪ್ರಾರ್ಥನೆಯನ್ನು ನೆಪ ಮಾಡಿಕೊಳ್ಳುವುದು. ತನ್ನ ಭಯವನ್ನು ತಾನೇ ಬರೆದು ಹತ್ತು ಜನರ ಮುಂದೆ ಓದಬೇಕಾದ ಈ ಅಭ್ಯಾಸ ಸೆಮಿನರಿಯ ಯಾವ ಪರೀಕ್ಷೆಗಿಂತಲೂ ಕಠಿಣವಾದುದು.

ಪದವಿಯಿಲ್ಲದ ಸಭಾಪಾಲಕರ ಶಾಲೆ

1816ರ ಮೆಥೊಡಿಸ್ಟ್ ಓದಿನ ಕ್ರಮ ಇಂದು ಸೆಮಿನರಿಗಳಲ್ಲಿ ನಡೆಯುವ ಬೇಸಿಗೆ ಶಾಲೆಯಾಗಿ ಉಳಿದಿದೆ. ಸೆಮಿನರಿ ಪದವಿ ಇಲ್ಲದೆಯೂ ಪರವಾನಗಿ ಪಡೆದು ಸಣ್ಣ ಸಭೆಗಳನ್ನು ನಡೆಸುವ 'ಸ್ಥಳೀಯ ಸಭಾಪಾಲಕರು' ಯುನೈಟೆಡ್ ಮೆಥೊಡಿಸ್ಟ್ ಸಭೆಯಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಇವರು ಅಟ್ಲಾಂಟಾದ ಕ್ಯಾಂಡ್ಲರ್, ಡರ್ಹಮ್‌ನ ಡ್ಯೂಕ್, ಇವಾನ್‌ಸ್ಟನ್ನಿನ ಗ್ಯಾರೆಟ್ ಮುಂತಾದ ದೈವಶಾಸ್ತ್ರ ಶಾಲೆಗಳಿಗೆ ಬೇಸಿಗೆಯಲ್ಲಿ ಬಂದು ಓದುತ್ತಾರೆ. ಮೂಲ ಪಠ್ಯಕ್ರಮದಲ್ಲಿ 20 ವಿಷಯಗಳು. ಬೇಸಿಗೆಗೆ ನಾಲ್ಕರಂತೆ ತೆಗೆದುಕೊಂಡರೆ ಐದು ಬೇಸಿಗೆ ಬೇಕು. ಬೈಬಲ್, ಸಭಾಚರಿತ್ರೆ, ಪ್ರಸಂಗಕಲೆ, ಪಾಲನಾ ಸೇವೆ ಮುಂತಾದವು ಅದರಲ್ಲಿವೆ. ವಾರದ ದಿನಗಳಲ್ಲಿ ಬೇರೊಂದು ವೃತ್ತಿಯಲ್ಲಿದ್ದು ಭಾನುವಾರ ಪ್ರಸಂಗ ಮಾಡುವವರೂ ಇಲ್ಲಿರುತ್ತಾರೆ. ನಡುವಯಸ್ಸು ದಾಟಿದವರೇ ಹೆಚ್ಚು. ರಜೆಯಲ್ಲಿ ನಡೆಯುವ ಶಿಕ್ಷಕರ ತರಬೇತಿ ಶಿಬಿರಗಳನ್ನು ಕಂಡ ನಮ್ಮವರಿಗೆ ಈ ತರಗತಿಗಳ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಒಂದು ಅಂತರವಿದೆ: ಇಲ್ಲಿ ಓದು ನಿಲ್ಲಿಸಿದವರ ಪರವಾನಗಿಯೇ ನಿಲ್ಲಬಹುದು.

ರೀಜೆಂಟ್ ಕಾಲೇಜು

ಕೆನಡಾದ ವ್ಯಾಂಕೂವರ್‌ನಲ್ಲಿರುವ ರೀಜೆಂಟ್ ಕಾಲೇಜಿನ ಕಥೆ ತಿರುವುಮುರುವಾದುದು. ಇತರೆಡೆ ಸೆಮಿನರಿ ಮೊದಲು ಬಂದು ಬೇಸಿಗೆ ಶಾಲೆ ಆಮೇಲೆ ಸೇರಿಕೊಂಡರೆ, ಇಲ್ಲಿ ಬೇಸಿಗೆ ಶಾಲೆಯಿಂದಲೇ ಸಂಸ್ಥೆ ಬೆಳೆಯಿತು. 1968ರಲ್ಲಿ ಕಾನೂನಿನ ಮಾನ್ಯತೆ ಪಡೆದ ಈ ಕಾಲೇಜು 1969ರಲ್ಲಿ ಮೊದಲ ಬೇಸಿಗೆ ಶಾಲೆಯನ್ನು ನಡೆಸಿತು. ವರ್ಷಪೂರ್ತಿ ತರಗತಿಗಳು ಆರಂಭವಾದದ್ದು 1970ರಲ್ಲಿ. ಮೊದಲ ಪ್ರಾಂಶುಪಾಲರಾದ ಜೇಮ್ಸ್ ಹ್ಯೂಸ್ಟನ್ ದೈವಶಾಸ್ತ್ರಜ್ಞರಾಗಿ ಬಂದವರಲ್ಲ, ಆಕ್ಸ್‌ಫರ್ಡ್‌ನಲ್ಲಿ ಭೂಗೋಳ ಕಲಿಸುತ್ತಿದ್ದವರು. ಗುರುಗಳಾಗಲಿರುವವರಿಗಲ್ಲ, ವೈದ್ಯರು, ಶಿಕ್ಷಕರು, ವ್ಯಾಪಾರಿಗಳಾಗಿಯೇ ಉಳಿಯುವ ವಿಶ್ವಾಸಿಗಳಿಗೆ ದೈವಶಾಸ್ತ್ರ ಕಲಿಸುವುದು ಕಾಲೇಜಿನ ಮೂಲ ಉದ್ದೇಶವಾಗಿತ್ತು. ಅಂಥವರಿಗೆ ಬಿಡುವು ಸಿಗುವುದು ಬೇಸಿಗೆಯಲ್ಲೇ. ಒಂದು ಅಥವಾ ಎರಡು ವಾರಗಳ ತರಗತಿಗಳು, ಸಂಜೆ ಎಲ್ಲರಿಗೂ ತೆರೆದ ಉಪನ್ಯಾಸಗಳು ಇಂದಿಗೂ ಅದರ ವೈಶಿಷ್ಟ್ಯ. 'ನೋಯಿಂಗ್ ಗಾಡ್' ಗ್ರಂಥದ ಲೇಖಕ ಜೆ. ಐ. ಪ್ಯಾಕರ್ 1979ರಿಂದ ಇಲ್ಲಿ ಅಧ್ಯಾಪಕರಾಗಿದ್ದರು.

ಇಂದಿನ ಕ್ರಮ

ಉತ್ತರ ಅಮೆರಿಕದಲ್ಲಿ ಸಭಾಸೇವೆಗೆ ಸಿದ್ಧಪಡಿಸುವ ಮುಖ್ಯ ಪದವಿ 'ಮಾಸ್ಟರ್ ಆಫ್ ಡಿವಿನಿಟಿ'. ಇದಕ್ಕೆ ಕನಿಷ್ಠ 72 ಕ್ರೆಡಿಟ್‌ಗಳು ಬೇಕು, ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೆಲವು ವಿಷಯಗಳನ್ನು ಮುಗಿಸಿಕೊಂಡರೆ ವರ್ಷದ ಹೊರೆ ಕಡಿಮೆಯಾಗುತ್ತದೆ. ಒಂದು ವಾರದಲ್ಲಿ ಮುಗಿಯುವ ತರಗತಿ ನಿಜವಾಗಿ ಒಂದೇ ವಾರದ್ದಲ್ಲ. ತಿಂಗಳ ಮೊದಲೇ ಪುಸ್ತಕಗಳ ಪಟ್ಟಿ ಬರುತ್ತದೆ, ಓದಿಕೊಂಡೇ ಬರಬೇಕು. ತರಗತಿಯ ನಂತರ ಕೆಲವು ವಾರಗಳಲ್ಲಿ ಪ್ರಬಂಧ ಒಪ್ಪಿಸಬೇಕು. ಅಂಕ ಬೇಡವೆನ್ನುವವರು ಕಡಿಮೆ ಶುಲ್ಕ ತೆತ್ತು ಕೇಳುಗರಾಗಿ ಮಾತ್ರ ಕುಳಿತುಕೊಳ್ಳಬಹುದು.

ಗ್ರೀಕ್ ಮತ್ತು ಹೀಬ್ರೂ ಭಾಷೆಗಳ ಬೇಸಿಗೆ ತರಗತಿಗಳು ಮಾತ್ರ ದೀರ್ಘವಾದವು. ಇಡೀ ವರ್ಷದ ಪಾಠವನ್ನು ಎಂಟು ವಾರಗಳ ಆಸುಪಾಸಿನಲ್ಲಿ, ದಿನವೂ ತರಗತಿ ಮತ್ತು ಕಿರುಪರೀಕ್ಷೆಗಳೊಂದಿಗೆ ಮುಗಿಸಲಾಗುತ್ತದೆ. ಹಾರ್ಪರ್ ಅವರ ಕ್ರಮದ ನೇರ ವಾರಸುದಾರರು ಇವು. ಅನುಭವಿ ಸಭಾಪಾಲಕರಿಗಾಗಿ 1970ರ ದಶಕದಿಂದ ಹರಡಿದ 'ಡಾಕ್ಟರ್ ಆಫ್ ಮಿನಿಸ್ಟ್ರಿ' ಪದವಿಯ ತರಗತಿಗಳೂ ಬಹುಮಟ್ಟಿಗೆ ಬೇಸಿಗೆ ಮತ್ತು ಜನವರಿ ತಿಂಗಳಲ್ಲಿ ನಡೆಯುತ್ತವೆ. 2020ರ ಕೋವಿಡ್ ಕಾಲದಲ್ಲಿ ಈ ತರಗತಿಗಳಲ್ಲಿ ಹಲವು ಅಂತರ್ಜಾಲಕ್ಕೆ ಸ್ಥಳಾಂತರಗೊಂಡವು. ಕೆಲವು ಅಲ್ಲೇ ಉಳಿದಿವೆ.

ಆಕ್ಷೇಪಗಳು

ಬೇಸಿಗೆ ಅಧ್ಯಯನದ ವಿರುದ್ಧದ ಹಳೆಯ ಆಕ್ಷೇಪ ಅದರ ವೇಗದ ಕುರಿತಾದದ್ದು. ತ್ರಯೈಕ್ಯದಂಥ ಸಿದ್ಧಾಂತವನ್ನು ಐದು ದಿನಗಳಲ್ಲಿ ಕೇಳಬಹುದು, ಮೈಗೂಡಿಸಿಕೊಳ್ಳಲಾಗದು ಎಂಬ ವಾದದಲ್ಲಿ ಹುರುಳಿದೆ. ಎಂಟು ವಾರಗಳಲ್ಲಿ ಕಲಿತ ಹೀಬ್ರೂ ಕೂಡ ಮುಂದಿನ ಚಳಿಗಾಲದಲ್ಲಿ ಬಳಸದಿದ್ದರೆ ಉಳಿಯುವುದಿಲ್ಲ. ಹಾರ್ಪರ್ ಅಂಚೆ ಪಾಠಗಳನ್ನು ಜೋಡಿಸಿದ್ದು ಇದನ್ನರಿತೇ. ಸೆಮಿನರಿಯ ಮೂರು ವರ್ಷಗಳಲ್ಲಿ ಒಂದೇ ಊಟದ ಮನೆಯಲ್ಲಿ ಉಂಡು, ಒಂದೇ ಪ್ರಾರ್ಥನಾಲಯದಲ್ಲಿ ಮಂಡಿಯೂರಿ ರೂಪುಗೊಳ್ಳುವ ಸ್ವಭಾವ ಕೆಲವು ವಾರಗಳಲ್ಲಿ ಸಾಧ್ಯವೇ ಎಂಬ ಪ್ರಶ್ನೆಯೂ ಇದೆ. ಕಥೋಲಿಕ ಸಭೆ ಗುರುತರಬೇತಿಯಲ್ಲಿ ದೀರ್ಘಕಾಲದ ಸಹವಾಸಕ್ಕೇ ಒತ್ತು ಕೊಡುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಹಣದ್ದು. ಸಿ.ಪಿ.ಇ. ಬೇಸಿಗೆಯಲ್ಲಿ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಪೂರ್ಣಾವಧಿ ದುಡಿದರೂ ಅನೇಕ ಕಡೆ ಸಂಬಳವಿಲ್ಲ. ಬದಲಾಗಿ ಶುಲ್ಕ ಕಟ್ಟಬೇಕು. ಬೇಸಿಗೆಯ ದುಡಿಮೆಯಿಂದಲೇ ವರ್ಷದ ಖರ್ಚು ತೂಗಿಸಬೇಕಾದ ಬಡ ವಿದ್ಯಾರ್ಥಿಗೆ ಇದು ಭಾರ. ಸೇವೆಯಲ್ಲಿರುವ ಸಭಾಪಾಲಕರು ತಮ್ಮ ವಾರ್ಷಿಕ ರಜೆಯನ್ನೇ ಓದಿಗೆ ತೆರುವುದರಿಂದ ಹೆಂಡತಿ ಮಕ್ಕಳ ಪಾಲಿನ ದಿನಗಳು ಕಳೆದುಹೋಗುತ್ತವೆ. ಸೆಮಿನರಿಗೆ ಬರಲಾಗದವರಿಗಾಗಿ ಹುಟ್ಟಿದ ವ್ಯವಸ್ಥೆಯು ಹೀಗೆ ಅಂಥವರಿಗೇ ದುಬಾರಿಯಾಗುವ ಸಂದರ್ಭಗಳೂ ಇವೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಶೈಕ್ಷಣಿಕ ವರ್ಷ ಸಾಮಾನ್ಯವಾಗಿ ಜೂನ್‌ನಲ್ಲಿ ತೊಡಗುವುದರಿಂದ ಬೇಸಿಗೆಯ ಬಿಡುವು ಏಪ್ರಿಲ್–ಮೇ ತಿಂಗಳುಗಳಲ್ಲಿ ಬರುತ್ತದೆ. 1818ರಲ್ಲಿ ಸ್ಥಾಪನೆಯಾಗಿ 1827ರಲ್ಲಿ ಡೆನ್ಮಾರ್ಕ್ ಅರಸನ ಸನ್ನದು ಪಡೆದ ಸೆರಾಂಪುರ ಕಾಲೇಜಿನ ಸೆನೆಟ್ ದೇಶದ ಬಹುಪಾಲು ಪ್ರಾಟೆಸ್ಟಂಟ್ ದೈವಶಾಸ್ತ್ರ ಕಾಲೇಜುಗಳಿಗೆ ಪದವಿ ನೀಡುತ್ತದೆ. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮತ್ತು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ವ್ಯವಸ್ಥೆಯಲ್ಲಿವೆ. ಮಂಗಳೂರಿನಲ್ಲಿ ಈ ಶಿಕ್ಷಣದ ಬೇರು 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನ ಕಾಲಕ್ಕೆ ಹೋಗುತ್ತದೆ.

ನಮ್ಮಲ್ಲಿ ಬೇಸಿಗೆ ತರಗತಿಗಿಂತ ಬೇಸಿಗೆಯ ಕ್ಷೇತ್ರಕಾರ್ಯಕ್ಕೇ ಹೆಚ್ಚು ಸ್ಥಾನ. ಬಿ.ಡಿ. ವಿದ್ಯಾರ್ಥಿಗಳು ರಜೆಯಲ್ಲಿ ಹಳ್ಳಿಯ ಸಭೆಗಳಿಗೆ ತೆರಳಿ ಅಲ್ಲಿನ ಸಭಾಪಾಲಕರ ಕೈಕೆಳಗೆ ಪ್ರಸಂಗ, ಮನೆಭೇಟಿ, ಮಕ್ಕಳ ಪಾಠಗಳಲ್ಲಿ ಪಳಗುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ದೈವಶಾಸ್ತ್ರ ಕಲಿತ ವಿದ್ಯಾರ್ಥಿ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಬೇಕಾಗಿ ಬರುವುದು ಈ ವಾರಗಳಲ್ಲೇ. ಎಷ್ಟೋ ಪಾರಿಭಾಷಿಕ ಪದಗಳಿಗೆ ಆಗ ಒಮ್ಮೆಲೇ ಬಾಯಿ ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಪಾಲನಾ ಸೇವೆಯ ಸಿ.ಪಿ.ಇ. ತರಬೇತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆ ಮುಂತಾದ ಕಡೆ ದೊರೆಯುತ್ತದೆ.

ಏಪ್ರಿಲ್–ಮೇ ತಿಂಗಳುಗಳಲ್ಲಿ ಚರ್ಚುಗಳಲ್ಲಿ ಮಕ್ಕಳಿಗಾಗಿ ನಡೆಯುವ, ವಿ.ಬಿ.ಎಸ್. ಎಂದೇ ಪರಿಚಿತವಾದ ರಜಾಕಾಲದ ಸತ್ಯವೇದ ಶಾಲೆಯನ್ನು ಈ ಅಧ್ಯಯನದೊಂದಿಗೆ ಬೆರೆಸಬಾರದು. ಅದು ಹಾಡು, ಕಥೆ, ಕೈಕೆಲಸಗಳ ಮೂಲಕ ಮಕ್ಕಳಿಗೆ ಬೈಬಲ್ ಪರಿಚಯಿಸುವ ಶಿಬಿರ. ಆದರೆ ಅಲ್ಲಿ ಪಾಠ ಹೇಳುವ ಹೊಣೆ ಎಷ್ಟೋ ಸಲ ರಜೆಯ ಮೇಲೆ ಬಂದ ಸೆಮಿನರಿ ವಿದ್ಯಾರ್ಥಿಗಳ ಮೇಲೆಯೇ ಬೀಳುತ್ತದೆ, ಮತ್ತು ಅವರ ಕ್ಷೇತ್ರಕಾರ್ಯದ ವರದಿಯಲ್ಲಿ ಅದೂ ಸೇರುತ್ತದೆ.